ಪ್ಲಿಮತ್‌ಗೆ ಹೋಗಿ ಬಂದು ಅಪ್ಪನಿಗೆ ಬರೆದದ್ದು

ಮ್ಯಾಸಚೂಸೆಟ್ಸ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ?

ಹೋದ ಭಾನುವಾರ ಪ್ಲಿಮತ್‌ಗೆ ಹೋಗಿದ್ದೆವು. ಬಂದಾಗಿನಿಂದ ನಿಮ್ಮದೇ ನೆನಪು. ಪಂಚಾಯಿತಿ ಮೆಂಬರ್ ಆಗಿದ್ದವರು ನೀವು, ಇದು ನಿಮಗೆ ಹೇಳಲೇಬೇಕು.

1620ರಲ್ಲಿ ಮೇಫ್ಲವರ್ ಅನ್ನುವ ಹಡಗಿನಲ್ಲಿ 102 ಜನ ಇಂಗ್ಲೆಂಡಿನಿಂದ ಹೊರಟರು. ಇಳಿಯಬೇಕಿದ್ದದ್ದು ಹಡ್ಸನ್ ನದಿಯ ಕಡೆ. ಬಂದು ಸೇರಿದ್ದು ಅದಕ್ಕಿಂತ ಉತ್ತರದ ಕೇಪ್ ಕಾಡ್ ಕರಾವಳಿ. ಕೈಯಲ್ಲಿದ್ದ ವರ್ಜೀನಿಯಾ ಕಂಪನಿಯ ಪರವಾನಗಿ ಅಲ್ಲಿ ನಡೆಯುತ್ತಿರಲಿಲ್ಲ. ಹಡಗಿನಲ್ಲಿದ್ದವರೆಲ್ಲ ಒಂದೇ ಪಂಥದವರೂ ಅಲ್ಲ. ಇಲ್ಲಿ ನಮ್ಮನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ, ನಮ್ಮ ಇಷ್ಟದಂತೆ ಇರುತ್ತೇವೆ ಅಂತ ಕೆಲವರು ಶುರು ಮಾಡಿದರು. ಎದುರಿಗೆ ಚಳಿಗಾಲ. ಆಗ ಹಡಗಿನಲ್ಲೇ ಕೂತು ಒಂದು ಒಪ್ಪಂದ ಬರೆದರು: ನಾವೆಲ್ಲ ಸೇರಿ ಒಂದು ಸಮಾಜವಾಗುತ್ತೇವೆ, ಎಲ್ಲರಿಗೂ ಒಂದೇ ಆದ ನ್ಯಾಯದ ಕಾನೂನು ಮಾಡಿಕೊಂಡು ಅದಕ್ಕೆ ಬದ್ಧರಾಗಿರುತ್ತೇವೆ. ನವೆಂಬರ್ 11ರಂದು 41 ಗಂಡಸರು ಅದಕ್ಕೆ ಸಹಿ ಹಾಕಿದರು. ರಾಜ ಜೇಮ್ಸ್‌ನ ಪ್ರಜೆಗಳು ಅನ್ನುವುದನ್ನು ಅವರು ಬಿಡಲಿಲ್ಲ, ನಿಜ. ಹೆಂಗಸರ ಸಹಿ ಒಂದೂ ಇಲ್ಲ. ಆದರೂ ಅಷ್ಟು ದೂರದಲ್ಲಿ, ಅಷ್ಟು ಭಯದಲ್ಲಿ, ಮೊದಲು ಮಾಡಿದ ಕೆಲಸ ಅದು ಅಂತ ಓದಿದಾಗ ಮೈ ಜುಮ್ಮೆಂದಿತು.

ಆ ಚಳಿಗಾಲದಲ್ಲಿ ಅರ್ಧದಷ್ಟು ಜನ ಸತ್ತರು. ಆರಿಸಿದ ಗವರ್ನರ್ ಜಾನ್ ಕಾರ್ವರ್ ಕೂಡ ಏಪ್ರಿಲ್‌ನಲ್ಲಿ ತೀರಿಕೊಂಡರು. ಉಳಿದವರು ಮತ್ತೆ ಸೇರಿ ವಿಲಿಯಂ ಬ್ರಾಡ್‌ಫರ್ಡ್ ಅವರನ್ನು ಆರಿಸಿದರು.

ಅಪ್ಪಾ, ಇನ್ನೊಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಅವರು ಈ ಪ್ಲಿಮತ್ ಊರು ಕಟ್ಟಿದ್ದು ಖಾಲಿ ಕಾಡಿನಲ್ಲಲ್ಲ. ಅದು ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಊರು, ಹೆಸರು ಪಟುಕ್ಸೆಟ್. ಕೆಲವೇ ವರ್ಷ ಹಿಂದೆ ರೋಗ ಬಂದು ಊರಿಗೆ ಊರೇ ಅಳಿದಿತ್ತು. ಹೊಲಗಳು ಹಸನಾಗಿದ್ದವು, ಉಳುವವರಿರಲಿಲ್ಲ. ಆ ಊರಿನ ಟಿಸ್ಕ್ವಾಂಟಮ್ ಎಂಬವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಹಿಡಿದು ಸ್ಪೇನಿಗೆ ಒಯ್ದು ಮಾರಲು ನೋಡಿದ್ದ. ಅವನು ಹೇಗೋ ಲಂಡನ್ ಸೇರಿ, 1619ರಲ್ಲಿ ಮರಳಿ ಬಂದ. ಮನೆಯವರು ಯಾರೂ ಇಲ್ಲ. ಅದೇ ಮನುಷ್ಯ ಈ ಹೊಸಬರಿಗೆ ಮೀನಿನ ಗೊಬ್ಬರ ಹಾಕಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿಸಿದ. ವಾಂಪನೋಗ್ ನಾಯಕ ಮ್ಯಾಸಸಾಯ್ಟ್ 1621ರಲ್ಲಿ ಇವರ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ. ಐವತ್ತು ವರ್ಷಕ್ಕೂ ಜಾಸ್ತಿ ಅದು ನಡೆಯಿತು. 1675ರಲ್ಲಿ ಅವನ ಮಗನ ಕಾಲಕ್ಕೆ ಯುದ್ಧವಾಯಿತು. ಹಡಗಿನ ಕಾಗದದಲ್ಲಿ ‘ಎಲ್ಲರೂ’ ಅಂದರೆ ಇವರು ಇರಲೇ ಇಲ್ಲ, ಅಲ್ವಾ?

ನಮ್ಮ ಟೌನಿನಲ್ಲಿ ಈಗಲೂ ವರ್ಷಕ್ಕೊಮ್ಮೆ ಶಾಲೆಯ ಹಾಲ್‌ನಲ್ಲಿ ಟೌನ್ ಮೀಟಿಂಗ್ ಸೇರುತ್ತದೆ. ರಸ್ತೆಗೆ ಎಷ್ಟು, ಶಾಲೆಗೆ ಎಷ್ಟು ಅಂತ ಮತದಾರರೇ ಕೈ ಎತ್ತಿ ತೀರ್ಮಾನಿಸುತ್ತಾರೆ. ನನಗೆ ಓಟಿಲ್ಲ. ಬೇರೆ ಸಾಲಿನಲ್ಲಿ ಕೂತು ನೋಡುತ್ತೇನೆ. ನಿಮ್ಮ ಗ್ರಾಮಸಭೆಯ ಜಗಳಗಳೆಲ್ಲ ನೆನಪಾಗುತ್ತವೆ.

ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಮ್ಯಾಸಸಾಯ್ಟ್‌ನ ಪ್ರತಿಮೆ ಇದೆ, ಸಮುದ್ರದ ಕಡೆ ಮುಖ ಮಾಡಿ. ಆ ಹಡಗಿನವರ ಮೊದಲ ಸುಗ್ಗಿಯನ್ನು ನೆನೆಯುವ ಥ್ಯಾಂಕ್ಸ್‌ಗಿವಿಂಗ್ ದಿನ ದೇಶವೆಲ್ಲ ಹಬ್ಬದಲ್ಲಿರುವಾಗ ಇಲ್ಲಿನ ಮೂಲನಿವಾಸಿಗಳು 1970ರಿಂದ ಅಲ್ಲಿ ಸೇರಿ ಶೋಕ ಆಚರಿಸುತ್ತಾರೆ. ನೀವು ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ಟಿಲು ಹತ್ತಬೇಕು, ಅಮ್ಮನನ್ನು ನಿಧಾನವಾಗಿ ಹತ್ತಿಸೋಣ.

ಇಂತಿ ನಿಮ್ಮ ಮಗಳು