ಪಂಚೆ ಹೊದ್ದ ಅವರೆ ಬಳ್ಳಿ

ಮಿನಿಯಾಪೊಲಿಸ್, ಅಮೆರಿಕ
ಅಕ್ಟೋಬರ್ 12

ತೀರ್ಥರೂಪು ಅಪ್ಪ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. (ಸ್ಕೂಲಿನಲ್ಲಿ ಪತ್ರಲೇಖನ ಹೀಗೆ ಶುರು ಮಾಡದಿದ್ದರೆ ಒಂದು ಮಾರ್ಕು ಕಟ್. ಇಷ್ಟು ವರ್ಷ ಆದಮೇಲೂ ಕೈ ತಾನಾಗಿ ಬರೆಯಿತು ನೋಡಿ.)

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಪ್ಪ, ಫೋನಿನಲ್ಲಿ ನಾನು "ಅವರೆ" ಅನ್ನುವಷ್ಟರಲ್ಲಿ ನೀವು "ಪೊಟ್ಯಾಷ್ ಹಾಕಿದ್ಯಾ?" ಅನ್ನುತ್ತೀರಿ. ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ತಡೆಯುವ ಹಾಗಿಲ್ಲ.

ಮೊನ್ನೆ ರಾತ್ರಿ ಇಲ್ಲಿ ಈ ವರ್ಷದ ಮೊದಲ ಫ್ರಾಸ್ಟ್ ಬಿತ್ತು, ಇಬ್ಬನಿಯೇ ಹೆಪ್ಪುಗಟ್ಟುವ ಚಳಿ. ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಸಂಜೆಯೇ ಮುನ್ಸೂಚನೆ ಇತ್ತು. ಮನೆಯಲ್ಲಿದ್ದ ಹಳೇ ಬೆಡ್‌ಶೀಟ್‌ಗಳೆಲ್ಲ ಟೊಮೆಟೊ ಮತ್ತು ಮೆಣಸಿನ ಗಿಡಕ್ಕೆ ಮುಗಿದುಹೋದವು. ಅವರೆ ಬಳ್ಳಿಗೆ ಹೊದಿಸಲು ಏನೂ ಉಳಿಯಲಿಲ್ಲ. ಕೊನೆಗೆ ನೀವು ಹೋದ ಸಲ ಬಂದಾಗ ಬಿಟ್ಟುಹೋದ ಪಂಚೆ ನೆನಪಾಯಿತು. ನಿಮ್ಮ ಅಳಿಯ ಟಾರ್ಚ್ ಹಿಡಿದರು, ನಾನು ಸ್ಟೂಲ್ ಹತ್ತಿ ಬಳ್ಳಿಗೆ ಪಂಚೆ ಉಡಿಸಿದೆ. ಕೆಳಗೆ ಕಲ್ಲಿಟ್ಟು ಅಂಚು ಬಿಗಿ ಮಾಡಿದೆ. ಹೀಗೆ ಮುಚ್ಚಿದರೆ ಮಣ್ಣಿನಲ್ಲಿ ಉಳಿದಿರುವ ಬಿಸಿ ಮೇಲಕ್ಕೆ ಹಾರಿಹೋಗದೆ ಗಿಡದ ಸುತ್ತಲೇ ನಿಲ್ಲುತ್ತದೆ, ಸಣ್ಣ ಫ್ರಾಸ್ಟ್ ಆದರೆ ಗಿಡ ಬದುಕುತ್ತದೆ. ಬೆಳಿಗ್ಗೆ ನೋಡಿದರೆ ಪಂಚೆ ಅಪ್ಪಳದ ಹಾಗೆ ಗರಿಗರಿ ಆಗಿತ್ತು. ಅದರ ಒಳಗಿನ ಎಲೆ ಹಸಿರಾಗಿಯೇ ಇತ್ತು. ಪಂಚೆ ಸಾಲದೆ ಹೊರಗೆ ಉಳಿದಿದ್ದ ತುದಿಗಳು ಬಿಸಿಲು ಬಿದ್ದಮೇಲೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು.

ಆದರೆ ಬಳ್ಳಿ ಉಳಿದು ಏನು ಪ್ರಯೋಜನ? ಒಂದೇ ಒಂದು ಕಾಯಿ ಇಲ್ಲ.

ಬಳ್ಳಿ ಯಾಕೆ ಕಾಯಿ ಬಿಡಲಿಲ್ಲ ಅಂತ ನೀವು ಕೇಳಿದಿರಲ್ಲ, ಈಗ ಉತ್ತರ ಹೇಳುತ್ತೇನೆ. ಇಂಡಿಯನ್ ಅಂಗಡಿಯಿಂದ ತಂದ ಒಣ ಅವರೆಕಾಳನ್ನೇ ಮೇ ಕೊನೆಯಲ್ಲಿ ಊರಿದೆ. ಜುಲೈಗೆ ಬಳ್ಳಿ ಬೇಲಿ ಹತ್ತಿತು. ಆಗಸ್ಟ್‌ನಲ್ಲಿ ಗ್ಯಾರೇಜಿನ ಸೂರು ಮುಟ್ಟಿತು. ಎಲೆ ನನ್ನ ಅಂಗೈಗಿಂತ ದೊಡ್ಡದು. ನೀವು ಹೇಳಿದ ಪೊಟ್ಯಾಷ್ ಹಾಕಿದೆ, ಕುಡಿ ಚಿವುಟಿದೆ, ನೀರು ಕಮ್ಮಿ ಮಾಡಿದೆ. ಏನು ಮಾಡಿದರೂ ಹೂವಿಲ್ಲ. ತಪ್ಪು ಗೊಬ್ಬರದ್ದಲ್ಲ ಅಪ್ಪ, ಹಗಲಿನದ್ದು.

ನಮ್ಮ ಹಳೇ ಅವರೆ ಹೂ ಬಿಡಬೇಕಾದರೆ ಹಗಲು ಗಿಡ್ಡ ಆಗಬೇಕು. ಮಾಗಡಿಯಲ್ಲಿ ತಾತ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಿದ್ದರಲ್ಲ, ಮಳೆಗಾಲಕ್ಕೆ ಬಿತ್ತಿದರೂ ಅದು ಸುಮ್ಮನೆ ಬೆಳೆಯುತ್ತಾ ಇರುತ್ತಿತ್ತು. ಹಗಲು ಕುಗ್ಗುತ್ತಾ ಬಂದಮೇಲೆ ಹೂ, ಧನುರ್ಮಾಸದ ಚಳಿಗೆ ಕಾಯಿ. ನಾವೆಲ್ಲ ಅದನ್ನು ಚಳಿಯ ಮಹಿಮೆ ಅಂದುಕೊಂಡಿದ್ದೆವು. ಚಳಿ ಮತ್ತು ಇಬ್ಬನಿಯಿಂದ ಸೊಗಡು ಏರುವುದು ಇರಬಹುದು, ಆದರೆ ಹೂವಿಗೆ ಅಪ್ಪಣೆ ಕೊಡುವುದು ರಾತ್ರಿಯ ಉದ್ದ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಅದು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಅಲ್ಲಿ ಆ ಒಂದೂವರೆ ಗಂಟೆ ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ, ಬಳ್ಳಿಗೆ ಗೊತ್ತಾಗುತ್ತದೆ. ಇಲ್ಲಿ ಜೂನ್‌ನಲ್ಲಿ ಹಗಲು 15 ಗಂಟೆ 30 ನಿಮಿಷ ದಾಟುತ್ತದೆ. ರಾತ್ರಿ ಒಂಬತ್ತಕ್ಕೂ ಪುಟ್ಟಿ "ಇನ್ನೂ ಬೆಳಕಿದೆ, ಯಾಕೆ ಮಲಗಬೇಕು?" ಅಂತ ಜಗಳ ಆಡುತ್ತಾಳೆ. ಅವರೆಯದೂ ಅದೇ ಜಗಳ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮ ಆದಾಗ ಮೊಗ್ಗು ಇಣುಕಿತು. ಅಷ್ಟರಲ್ಲಿ ಫ್ರಾಸ್ಟ್ ಬಾಗಿಲಿಗೇ ಬಂದಿತ್ತು.

ಈಗ ನಿಮಗೆ ಕೋಪ ಬರುವ ಮಾತು. ನಮ್ಮ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ಬಿಟ್ಟಿದ್ದಾರಲ್ಲ, ಎಚ್‌ಎ-3, ಎಚ್‌ಎ-4 ಅಂತ. ಗಿಡ್ಡ ಗಿಡ, ಹಗಲಿನ ಲೆಕ್ಕ ಇಡುವುದಿಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತದೆ. ಜುಲೈನಲ್ಲಿ ಗಾಂಧಿ ಬಜಾರಿನಲ್ಲಿ ಅವರೆ ಕಂಡರೆ ನೀವು ಮುಖ ತಿರುಗಿಸಿ "ಇದಕ್ಕೆ ಸೊಗಡೂ ಇಲ್ಲ, ಏನೂ ಇಲ್ಲ" ಅನ್ನುತ್ತೀರಲ್ಲ, ಅದೇ. ನನಗೆ ಬೇಕಾಗಿರುವುದು ಅದೇ ಸೊಗಡಿಲ್ಲದ ಗಿಡ್ಡ. ಈ ಊರಿಗೆ ಅದು ಸರಿ ಹೋಗುತ್ತದೆ ಅನ್ನಿಸುತ್ತದೆ.

ತಮಾಷೆ ಏನೆಂದರೆ ಎರಡು ಮನೆ ಆಚೆ ಒಬ್ಬ ಅಜ್ಜಿ ಬೇಲಿಯ ಮೇಲೆ ಅವರೆಯನ್ನೇ ಬೆಳೆಸಿದ್ದಾರೆ. ಅಂದಕ್ಕೆ! ನೇರಳೆ ಹೂ, ನೇರಳೆ ಕಾಯಿ. ಇಲ್ಲಿನ ಬೀಜದ ಅಂಗಡಿಗಳಲ್ಲಿ ಅದನ್ನು ಹಯಸಿಂತ್ ಬೀನ್ ಅಂತ ಹೂಬಳ್ಳಿಯ ಸಾಲಿನಲ್ಲಿ ಮಾರುತ್ತಾರೆ. ಅದು ಆಗಸ್ಟ್‌ನಲ್ಲೇ ಹೂ ಬಿಟ್ಟಿತು, ಹಗಲಿನ ಗೊಡವೆ ಅದಕ್ಕೆ ಅಷ್ಟಿಲ್ಲ. "ನಮ್ಮೂರಲ್ಲಿ ಇದಕ್ಕೆ ಜಾತ್ರೆಯನ್ನೇ ಮಾಡುತ್ತಾರೆ, ದೋಸೆಗೂ ಹಾಕುತ್ತಾರೆ" ಅಂತ ವಿವಿ ಪುರದ ಅವರೆ ಮೇಳದ ಕಥೆ ಹೇಳಿದೆ. ಅವರು ಗಾಬರಿಯಾದರು. ಒಣಗಿದ ಕಾಳನ್ನು ಬೇಯಿಸದೆ ತಿಂದರೆ ವಿಷ ಅಂತ ಪ್ಯಾಕೆಟ್ ಮೇಲೆ ಬರೆದಿದೆಯಂತೆ. ಅದು ನಿಜವೇ, ಆದರೆ ಒಣ ಅವರೆಯನ್ನು ಬೇಯಿಸದೆ ನಮ್ಮಲ್ಲಿ ಯಾರು ತಿನ್ನುತ್ತಾರೆ? ಚೆನ್ನಾಗಿ ಬೇಯಿಸುತ್ತೇವೆ ಅಂದೆ. ಎಳೇಕಾಯಿ ಒಂದು ಬೊಗಸೆ ಕೊಟ್ಟರು. ಹುಳಿ ಮಾಡಿದೆ. ಮೂಗಿನ ಹತ್ತಿರ ಹಿಡಿದು ಎಷ್ಟು ಮೂಸಿದರೂ ಸೊಗಡು ಬರಲಿಲ್ಲ ಅಪ್ಪ.

ಇನ್ನು ಕೊತ್ತಂಬರಿ. ಅದರದ್ದು ಇದಕ್ಕೆ ಪೂರ್ತಿ ಉಲ್ಟಾ. ಉದ್ದ ಹಗಲು, ಜೊತೆಗೆ ಸೆಕೆ ಸಿಕ್ಕಿದ ಕೂಡಲೇ ಎಲೆ ಬಿಡುವುದು ನಿಲ್ಲಿಸಿ ದಂಟು ಎತ್ತಿ ಹೂ ಬಿಟ್ಟುಬಿಡುತ್ತದೆ. ಜೂನ್‌ನಲ್ಲಿ ಒಂದು ಕಟ್ಟು ಕೀಳುವುದರೊಳಗೆ ಪಾತಿ ತುಂಬ ಬಿಳಿ ಹೂ. ಹಗಲು ಜಾಸ್ತಿ ಆಯಿತು ಅಂತ ಅವರೆಗೆ ಹೂವಿಲ್ಲ, ಹಗಲು ಜಾಸ್ತಿ ಆಯಿತು ಅಂತ ಕೊತ್ತಂಬರಿಗೆ ಎಲೆಯಿಲ್ಲ. ಅತ್ತೆ ಸೊಸೆ ಇಬ್ಬರನ್ನೂ ಒಂದೇ ಸಲ ಒಪ್ಪಿಸಿದ ಹಾಗೆ! ಈಗ ಏಪ್ರಿಲ್ ಕೊನೆಗೆ ಒಂದು ಸಲ, ಆಗಸ್ಟ್‌ನಲ್ಲಿ ಇನ್ನೊಂದು ಸಲ ಬಿತ್ತುತ್ತೇನೆ. ಮಧ್ಯೆ ಅಂಗಡಿಯೇ ಗತಿ.

ಈರುಳ್ಳಿಯ ವಿಷಯಕ್ಕೂ ಇದೇ. ನೀವು ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿ ಬೀಜ ತರುತ್ತೇನೆ ಅಂದಿರಿ. ಬೇಡ. ನಮ್ಮ ಕಡೆಯದು 11, 12 ಗಂಟೆ ಹಗಲಿಗೇ ಗಡ್ಡೆ ಕಟ್ಟುವ ಜಾತಿ. ಇಲ್ಲಿ ಸಸಿ ಕಡ್ಡಿಯಷ್ಟಿರುವಾಗಲೇ ಗಡ್ಡೆ ಕಟ್ಟಲು ಹೊರಟು ಗೋಲಿಯಷ್ಟಕ್ಕೆ ನಿಂತುಬಿಡುತ್ತದೆ.

ಅಮ್ಮ, ನಿನಗೊಂದು ಒಳ್ಳೇ ಸುದ್ದಿ. ನಾನು ದುಡ್ಡು ಕೊಟ್ಟು ಬೆಳೆಸಿದ್ದು ಕೈಕೊಟ್ಟರೆ, ಬಿತ್ತದೇ ಇದ್ದದ್ದು ಕೈಹಿಡಿಯಿತು. ಬೇಲಿಯ ಪಕ್ಕ, ಫುಟ್‌ಪಾತಿನ ಸಂದಿ, ಎಲ್ಲಿ ನೋಡಿದರೂ ಗೋಣಿ ಸೊಪ್ಪು. ಪಾತಿಯಲ್ಲಿ ಚಕ್ಕೋತ ಸೊಪ್ಪು ತಾನಾಗಿ ಹುಟ್ಟುತ್ತದೆ. ಇಲ್ಲಿಯವರಿಗೆ ಎರಡೂ ಕಳೆ, ಕಿತ್ತು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ನಾನು ಬರೀ ನಮ್ಮ ಹಿತ್ತಲಿನದನ್ನೇ ಕಿತ್ತು, ಅದಕ್ಕೆ ನನ್ನ ದಂಟಿನ ಸೊಪ್ಪನ್ನೂ ಸೇರಿಸಿ ಮಸ್ಸೊಪ್ಪು ಮಾಡಿದೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ. ಗೋಣಿ ಸೊಪ್ಪಿನ ಹುಳಿಗೆ ಹುಣಸೆಹಣ್ಣು ಕಮ್ಮಿ ಸಾಕಾಯಿತು. ಫುಟ್‌ಪಾತಿನದನ್ನು ಮುಟ್ಟುವುದಿಲ್ಲ, ಹೆದರಬೇಡ. ಅಲ್ಲಿ ನಾಯಿಗಳ ಓಡಾಟ.

ಟೊಮೆಟೊ ಮಾತ್ರ ಇಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಅದಕ್ಕೆ ಪರೀಕ್ಷೆಗೆ ಓದಿದಷ್ಟು ತಯಾರಿ. ಮಾರ್ಚ್ ಕೊನೆಗೆ ಮನೆಯೊಳಗೆ ಲೈಟಿನ ಕೆಳಗೆ ಬೀಜ. ಮೇ ಮೊದಲ ವಾರದಿಂದ ಸಸಿಯನ್ನು ದಿನಾ ಒಂದೊಂದು ಗಂಟೆ ಜಾಸ್ತಿ ಹೊರಗಿಟ್ಟು ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಮೇ ಮಧ್ಯಕ್ಕೆ ನೆಲಕ್ಕೆ. ಅದಕ್ಕೂ ಮೊದಲು ಇಟ್ಟರೆ ಯಾವ ರಾತ್ರಿ ಫ್ರಾಸ್ಟ್ ಬೀಳುತ್ತದೋ ಹೇಳಲಾಗದು. ಅಲ್ಲಿಂದ ಅಕ್ಟೋಬರ್‌ವರೆಗೆ ಬರೀ ಐದು ತಿಂಗಳು. ಅಪ್ಪ, ನೀವು ತಾರಸಿಯಲ್ಲಿ "ಈ ಗಿಡ ಹೋದರೆ ಇನ್ನೊಂದು ಹಾಕಿದರಾಯಿತು" ಅನ್ನುತ್ತೀರಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ ಊರಿನಲ್ಲಿ ಕೂತು ಹಾಗೆ ಅನ್ನುವುದು ಸುಲಭ. ಇಲ್ಲಿ ಜೂನ್‌ನಲ್ಲಿ ಮೊಲ ಸಸಿ ತಿಂದರೆ ಆ ವರ್ಷದ ಬದನೆಕಾಯಿ ಕಥೆ ಮುಗಿಯಿತು. ಈಗ ಕಿತ್ತ ಕಾಯಿ ಟೊಮೆಟೊ ಒಂದು ಬಕೆಟ್ ಇದೆ. ದಿನಾ ಗೊಜ್ಜು. ಅಳಿಯಂದಿರು ಇನ್ನೂ ಏನೂ ಅಂದಿಲ್ಲ.

ನೀವು ಹಾನಿಕ್ರಿಸ್ಪ್ ಸೇಬಿನ ಬೀಜ ಎತ್ತಿಡು ಅಂದಿದ್ದಿರಿ, ತಾರಸಿಯ ಡ್ರಮ್ಮಿನಲ್ಲಿ ಹಾಕಲು. ಎತ್ತಿಟ್ಟಿಲ್ಲ, ಬೈಯಬೇಡಿ. ಅದು ಇಲ್ಲಿಯ ಮಿನ್ನೆಸೋಟ ವಿಶ್ವವಿದ್ಯಾಲಯದವರು 1991ರಲ್ಲಿ ಬಿಟ್ಟ ತಳಿ, ಈ ಚಳಿಗೆಂದೇ ಹುಟ್ಟಿದ್ದು. ಚಳಿಗಾಲದಲ್ಲಿ ಉದ್ದ ನಿದ್ದೆ ಆಗದಿದ್ದರೆ ಮರ ಸರಿಯಾಗಿ ಚಿಗುರುವುದಿಲ್ಲ. ಸಾಲದ್ದಕ್ಕೆ ಸೇಬನ್ನು ಬೀಜದಿಂದ ಬೆಳೆಸಿದರೆ ತಾಯಿಯ ಹಣ್ಣು ಬರುವುದೂ ಇಲ್ಲ, ಕಸಿಯೇ ಆಗಬೇಕು. ಹಟ ಇದ್ದರೆ ಅನ್ನಾ ಅನ್ನುವ ತಳಿಯ ಕಸಿ ಗಿಡ ನರ್ಸರಿಯಲ್ಲಿ ಕೇಳಿ. ಅದಕ್ಕೆ ಸ್ವಲ್ಪ ಚಳಿ ಸಾಕು.

ಹೋದ ವಾರ ಮಾರ್ಕೆಟ್‌ನಲ್ಲಿ ಕಾಂಕರ್ಡ್ ಅಂತ ಕಪ್ಪು ದ್ರಾಕ್ಷಿ ತಂದೆ. ಚೀಲ ಬಿಚ್ಚಿದ ತಕ್ಷಣ ಅಡುಗೆಮನೆ ತುಂಬ ಬೆಂಗಳೂರು ಬ್ಲೂ ವಾಸನೆ. ಅದೇ ದಪ್ಪ ಸಿಪ್ಪೆ, ಅದೇ ಜಾರುವ ತಿರುಳು, ಅದೇ ಬೀಜ. ನಮ್ಮ ನೀಲಿ ದ್ರಾಕ್ಷಿಯಲ್ಲಿಯೂ ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದೆಯಂತೆ, ಅದಕ್ಕೇ ಈ ವಾಸನೆ. ದೇವನಹಳ್ಳಿ ಕಡೆ ಬಳ್ಳಿ ನಿದ್ದೆಯೇ ಮಾಡುವುದಿಲ್ಲ, ಸವರಿ ಸವರಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಇಲ್ಲಿ ಅದರ ನೆಂಟ ಈಗ ಎಲೆ ಉದುರಿಸಿ ಮಲಗಲು ಹೊರಟಿದೆ. ನಾನು ನಿಂತಲ್ಲೇ ಅರ್ಧ ಕೆಜಿ ತಿಂದೆ.

ನೀವು ಮೇ ತಿಂಗಳಲ್ಲಿ ಇಲ್ಲಿಗೆ ಬರುವ ಪ್ರಯಾಣಕ್ಕೆ ಮುಖ್ಯವಾದ ಮಾತು. ಸೂಟ್‌ಕೇಸಿನಲ್ಲಿ ಒಂದು ಬೀಜವೂ ಬೇಡ, ಕರಿಬೇವಿನ ಒಂದು ಎಸಳೂ ಬೇಡ. ಅಮ್ಮನ ಚಟ್ನಿಪುಡಿ ಡಬ್ಬದ ಕೆಳಗೂ ಬೇಡ. ಕರಿಬೇವು ನಿಂಬೆ ಕಿತ್ತಳೆಯ ಕುಲದ್ದೇ. ಅದರ ಮೇಲೆ ಕೂರುವ ಸಣ್ಣ ಕೀಟವೊಂದು ಕಿತ್ತಳೆ ತೋಟಗಳನ್ನೇ ಸಾಯಿಸುವ ರೋಗ ಹರಡುತ್ತದೆ. ಹಾಗಾಗಿ ಏರ್‌ಪೋರ್ಟಿನಲ್ಲಿ ಅದಕ್ಕೆ ಬಹಳ ಬಿಗಿ. ಬಿತ್ತನೆ ಬೀಜಕ್ಕೆ ಮೊದಲೇ ಪರ್ಮಿಟ್ ತೆಗೆದುಕೊಳ್ಳುವ ದಾರಿ ಇದೆ. ಎಚ್‌ಎ-4ಕ್ಕೆ ಬಿಡುತ್ತಾರಾ ಕೇಳಿ ಅರ್ಜಿ ಹಾಕುತ್ತೇನೆ. ಕಾಗದ ಕೈಗೆ ಬಂದಮೇಲೆ ಹೇಳುತ್ತೇನೆ, ಆಮೇಲೆ ನೀವು ಹೆಬ್ಬಾಳಕ್ಕೆ ಹೋದರೆ ಸಾಕು. ಅಲ್ಲಿ ಕೌಂಟರಿನಲ್ಲಿ ನಿಂತು ಆ ತಳಿಯನ್ನು ಬೈಯಬೇಡಿ ಅಷ್ಟೇ.

ನನ್ನ ಕುಂಡದ ಕರಿಬೇವು ಸೆಪ್ಟೆಂಬರ್‌ನಲ್ಲೇ ಒಳಗೆ ಬಂದಿದೆ. ಹೋದ ಚಳಿಗಾಲ ಎಲ್ಲ ಎಲೆ ಉದುರಿಸಿ ಬರೀ ಕಡ್ಡಿ ಆಗಿತ್ತಲ್ಲ, ನೀವು ವಿಡಿಯೊದಲ್ಲಿ "ಉಗುರಲ್ಲಿ ಸಿಪ್ಪೆ ಕೆರೆದು ನೋಡು, ಹಸಿರಿದ್ದರೆ ಜೀವ ಇದೆ" ಅಂದಿರಿ. ಹಸಿರಿತ್ತು. ಈಗ ಮೊಣಕಾಲುದ್ದ ಇದೆ. ಇದನ್ನು ಈಗಲೇ ಸವರಲೋ, ಮಾರ್ಚ್‌ಗೆ ಕಾಯಲೋ? ನೀರು ಕಮ್ಮಿ ಮಾಡಿದ್ದೇನೆ. ಇದಕ್ಕೆ ಮಾತ್ರ ಫೋನಿನಲ್ಲೇ ಉತ್ತರ ಹೇಳಿ.

ನಿಮ್ಮ ಬೆನ್ನುನೋವು ಹೇಗಿದೆ? ನೀರಿನ ಕ್ಯಾನ್ ಹೊತ್ತು ತಾರಸಿ ಹತ್ತಬೇಡಿ, ಮೇಲೇ ಒಂದು ನಲ್ಲಿ ಹಾಕಿಸಿ ಅಂತ ಮೂರು ವರ್ಷದಿಂದ ಹೇಳುತ್ತಿದ್ದೇನೆ. ಅಮ್ಮ, ನೀನಾದರೂ ಪ್ಲಂಬರ್‌ಗೆ ಫೋನ್ ಮಾಡು. ಇನ್ನು ಅವರೆ ಕಾಲ ಬಂದಮೇಲೆ ಹಿತಕಿದ ಬೇಳೆ ಸಾರು ಮಾಡು, ತಿನ್ನಿ, ಚೆನ್ನಾಗಿರಿ. ಫೋಟೊ ಮಾತ್ರ ಕಳಿಸಬೇಡಿ.

ಇಂತಿ ನಿಮ್ಮ ಮಗಳು,
ಚಿತ್ರಾ

ತಾ.ಕ.: ಪಂಚೆ ಎರಡು ಸಲ ಒಗೆದೆ. ಎಲೆಯ ಕಲೆ ಹೋಗಿಲ್ಲ. ಬರುವಾಗ ಬೇರೆ ಪಂಚೆ ತನ್ನಿ, ಇದು ಇನ್ನು ತೋಟದ್ದು.