ಕಾಫಿ ಪುಡಿಯ ಬೆಲೆ ಏರಿಸಿದ್ದೇವೆ, ಯಾಕೆಂದು ಹೇಳುತ್ತೇವೆ

ಪ್ರೀತಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ಕೊಡಗಿನ ನಮ್ಮ ತೋಟಗಳ ಪುಡಿಗೆ ಕಾಲು ಕಿಲೋಗೆ 30 ರೂಪಾಯಿ ಜಾಸ್ತಿ. ಮಳೆ ಕೈಕೊಟ್ಟಿದ್ದೇ ಕಾರಣ. ಬರೀ ಅರೇಬಿಕಾ ಜಾತಿಯ ಕಾಫಿಯ ಪ್ಯಾಕೆಟ್ ಮುಂದಿನ ಕೊಯ್ಲಿನವರೆಗೆ ಸಿಗುವುದಿಲ್ಲ. ಇದನ್ನು ಮೊದಲೇ ತಿಳಿಸಬೇಕಿತ್ತು. ತಡವಾಯಿತು, ಕ್ಷಮಿಸಿ.

ಫೋನ್ ಮಾಡಿದವರೆಲ್ಲ ಒಂದೇ ಮಾತು ಕೇಳಿದರು. "ಕೊಡಗಿನಲ್ಲಿ ಮಳೆ ಚೆನ್ನಾಗೇ ಆಗಿದೆ ಅಲ್ವಾ? ಟಿವಿಯಲ್ಲಿ ನೋಡಿದ್ವಿ. ಸುಮ್ನೆ ಮಳೆ ನೆಪ ಯಾಕೆ?" ಈ ಮಾತು ನಮಗೆ ನೋವು ತಂದಿದೆ.

ನೀವು ಟಿವಿಯಲ್ಲಿ ನೋಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು. ನಮ್ಮ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಅದೇ. ಅದೂ ಕೊಡಗಿನ ಎಲ್ಲ ಕಡೆ ಒಂದೇ ಸಮ ಅಲ್ಲ, ಭಾಗಮಂಡಲದಲ್ಲಿ ಸುರಿದದ್ದರ ಕಾಲು ಭಾಗವೂ ಕುಶಾಲನಗರಕ್ಕೆ ಸಿಗುವುದಿಲ್ಲ. ಆದರೆ ಕಾಫಿಯ ಫಸಲು ನಿಂತಿರುವುದು ಫೆಬ್ರವರಿ, ಮಾರ್ಚ್‌ನ ಹೂಮಳೆಯ ಮೇಲೆ, ಅಂದರೆ ಗಿಡದ ಮೊಗ್ಗು ಅರಳಿಸುವ ಮಳೆಯ ಮೇಲೆ. ಒಂದು ಇಂಚು ಬಿದ್ದರೆ ಏಳೆಂಟು ದಿನಕ್ಕೆ ರೋಬಸ್ಟಾ ಜಾತಿಯ ಕಾಫಿ ತೋಟ ಹೂವಿನಿಂದ ಬೆಳ್ಳಗಾಗುತ್ತದೆ. ಕಡಿಮೆ ಬಿದ್ದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಮಾರ್ಚ್‌ನಲ್ಲಿ ತಪ್ಪಿದ ಆ ಒಂದು ಇಂಚನ್ನು ಆಗಸ್ಟ್‌ನ ಎಷ್ಟು ಮಳೆಯೂ ತಂದುಕೊಡುವುದಿಲ್ಲ.

ಹೋದ ವರ್ಷ ನಮ್ಮ ತೋಟಗಳಿಗೆ ಆ ಮಳೆ ಬರಲಿಲ್ಲ. ಕೆರೆಗೆ ಪಂಪ್ ಇಟ್ಟು ಹಗಲೂ ರಾತ್ರಿ ಸ್ಪ್ರಿಂಕ್ಲರ್ ಓಡಿಸಿದೆವು. ಆ ಡೀಸೆಲ್ ಖರ್ಚು ನಿಮ್ಮ ಪ್ಯಾಕೆಟ್ ಮೇಲೆ ಕಾಣುವುದಿಲ್ಲ.

ಬೇಡದ ಹೊತ್ತಿನ ಮಳೆ ಇನ್ನೂ ಕಷ್ಟ. 2021ರ ನವೆಂಬರ್ ನಿಮಗೂ ನೆನಪಿರಬೇಕು, ಹಣ್ಣಾದ ಅರೇಬಿಕಾ ಗಿಡದಲ್ಲೇ ಒಡೆದು ಉದುರಿತ್ತು. ಈ ಕೊಯ್ಲಿನಲ್ಲೂ ಹಾಗೇ ಆಯಿತು. ಕಣದಲ್ಲಿ ಹರಡಿದ ಚೆರಿ, ಅಂದರೆ ಕಾಫಿ ಹಣ್ಣು, ಒಣಗಲು ಬಿಡದೆ ಮಳೆ. ಟಾರ್ಪಾಲ್ ಹೊದಿಸು, ತೆಗೆ, ಮತ್ತೆ ಹೊದಿಸು. ಒಂದೇ ಕೆಲಸಕ್ಕೆ ಎರಡೆರಡು ಸಲ ಕೂಲಿ ಕೊಟ್ಟೆವು. ಬೂಷ್ಟು ಹಿಡಿದದ್ದನ್ನೆಲ್ಲ ಆರಿಸಿ ಹೊರಗಿಟ್ಟೆವು. ಅದನ್ನೂ ಹುರಿದು ಬೆರೆಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಬೆರೆಸಲಿಲ್ಲ. ಚಿಕೋರಿ ಜಾಸ್ತಿ ಹಾಕಿ ಹಳೇ ಬೆಲೆಗೇ ಕೊಡಿ ಎಂದವರಿದ್ದಾರೆ. ಅದನ್ನೂ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ನೀವು ಕುಡಿಯುವ ಮೊದಲ ಲೋಟ ಅದು.

ಈಗಾಗಲೇ ದುಡ್ಡು ಕಟ್ಟಿದವರಿಗೆ ಹಳೇ ಬೆಲೆಗೇ ಕಳಿಸುತ್ತೇವೆ. ಅರೇಬಿಕಾಕ್ಕೆ ಕಟ್ಟಿದ್ದರೆ ಹಣ ವಾಪಸ್ ಬೇಕೋ, ಬೇರೆ ಪುಡಿ ಬೇಕೋ ಹೇಳಿ.

ಕೊಡಗಿನ ಕಡೆ ಬಂದರೆ ಮನೆಗೆ ಬನ್ನಿ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ಸ್‌ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕ ಇದೆ. ಮಾರ್ಚ್ ತಿಂಗಳ ಹಾಳೆ ತೆಗೆದು ತೋರಿಸುತ್ತೇವೆ, ಕಾಫಿಯನ್ನೂ ಕೊಡುತ್ತೇವೆ.

ನಿಮ್ಮ,
ಕಾಫಿ ಪುಡಿ ಸಂಘದವರು