ಕೊಡವ ವ್ಯಾಕರಣ ಕಲಿಯಬೇಕು, ಪುಸ್ತಕ ಎಲ್ಲಿ ಸಿಗುತ್ತದೆ?

ಮಾನ್ಯ ಸಂಪಾದಕರೇ,

ನಾನು ಮೈಸೂರಿನಲ್ಲಿ ಬೆಳೆದ ಕೊಡವರ ಮನೆಯ ಹುಡುಗಿ. ಕೊಡವ ತಕ್ಕ್ ಕಿವಿಗೆ ಬಿದ್ದ ಭಾಷೆ, ಓದಿದ್ದು ಬರೆದದ್ದೆಲ್ಲ ಕನ್ನಡ. ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳು ಅಜ್ಜಿಯ ಪಕ್ಕ ಕೂತು ಕೊಡವ ಕಲಿಯಲು ಶುರು ಮಾಡಿದಳು. ಹಾಲು ಅಂದರೆ ಪಾಲ್, ಹಲ್ಲು ಅಂದರೆ ಪಲ್ಲ್, ಓಹೋ ಹಳಗನ್ನಡದ ಪಕಾರ ಇಲ್ಲಿ ಹಾಗೇ ಉಳಿದಿದೆ ಅಂತ ಅವಳಿಗೆ ಖುಷಿ. ಹಾಗಿದ್ದರೆ ಹೆಣ್ಣು ‘ಪೆಣ್ಣ್’ ಆಗಬೇಕಿತ್ತು ಅಲ್ವಾ, ಅಜ್ಜಿ ಯಾಕೆ ‘ಪೊಣ್ಣ್’ ಅಂತಾರೆ? ಹಿಡಿ ಅನ್ನೋದು ಯಾಕೆ ‘ಪುಡಿ’ ಆಯಿತು? ನನ್ನ ಅಮ್ಮ, ಅಂದರೆ ಅವಳ ಅಜ್ಜಿ, ಹೇಳಿದ್ದು ಇಷ್ಟೇ: ನಾವು ಮೊದಲಿಂದ ಹೀಗೇ ಅನ್ನೋದು.

ಉತ್ತರ ಹುಡುಕಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಪುಸ್ತಕಗಳು ಇಲ್ಲ ಅಂತಲ್ಲ. ಕ್ಯಾಪ್ಟನ್ ಕೋಲ್ ಅನ್ನುವ ಅಧಿಕಾರಿ 1867ರಲ್ಲೇ ಈ ಭಾಷೆಗೆ ಒಂದು ಪುಟ್ಟ ವ್ಯಾಕರಣ ಬರೆದಿದ್ದಾರೆ. 1930ರ ದಶಕದಲ್ಲಿ ಎಮೆನೊ ಅನ್ನುವ ಭಾಷಾವಿಜ್ಞಾನಿ ಕೊಡಗಿಗೆ ಬಂದು ಜನರ ಬಾಯಿಂದಲೇ ಕೇಳಿ ಬರೆದುಕೊಂಡರು, 1970ರಲ್ಲಿ ಕೊಡವದ ಸ್ವರಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಅಣ್ಣಾಮಲೈ ವಿಶ್ವವಿದ್ಯಾಲಯದಿಂದ 1977ರಲ್ಲಿ ಬಾಲಕೃಷ್ಣನ್ ಅವರ ವ್ಯಾಕರಣ ಬಂತು. ಈ ಮೂರೂ ಇಂಗ್ಲಿಷಿನಲ್ಲಿವೆ. ಇವು ಇವೆ ಅಂತ ಗೊತ್ತಾಗುವುದೇ ಕಷ್ಟ, ಗೊತ್ತಾದ ಮೇಲೆ ಕೈಗೆ ಸಿಗುವುದು ಇನ್ನೂ ಕಷ್ಟ. ಒಂದು ಗ್ರಂಥಾಲಯದಲ್ಲಿ ಕಾರ್ಡ್ ಇತ್ತು, ಪುಸ್ತಕ ಇರಲಿಲ್ಲ. ಇನ್ನೊಂದರಲ್ಲಿ ಪುಸ್ತಕ ಇತ್ತು, ಆದರೆ ಸಂಶೋಧನಾ ವಿದ್ಯಾರ್ಥಿ ಅಲ್ಲ ಅಂತ ಒಳಗೇ ಬಿಡಲಿಲ್ಲ. ತಾಯಿ ಭಾಷೆ ಕಲಿಯಲು ಪಿಎಚ್.ಡಿ. ಮಾಡಬೇಕಾ?

ಮಗಳ ಪ್ರಶ್ನೆಗೆ ಉತ್ತರ ಎಮೆನೊ ಲೇಖನದಲ್ಲಿತ್ತು. ಹಿಂದೆ ಪ, ಬ, ಮ ತರಹದ ತುಟಿಯ ಅಕ್ಷರ, ಮುಂದೆ ಟ, ಡ, ಣ, ಳ ತರಹ ನಾಲಗೆ ಮಡಿಸಿ ಹೇಳುವ ಅಕ್ಷರ, ನಡುವೆ ಎ ಅಥವಾ ಇ ಸಿಕ್ಕಿಕೊಂಡರೆ ಅದು ಒ, ಉ ಆಗುತ್ತದೆ. ಎಷ್ಟು ಚೆಂದದ ನಿಯಮ ನೋಡಿ! ಆಡುತಮಿಳಿನಲ್ಲೂ ‘ಪೊಣ್ಣು’, ‘ಪುಡಿ’ ಅಂತಾರೆ. ಇದನ್ನು ಹೇಳಿದಾಗ ಮಗಳಿಗಿಂತ ಜಾಸ್ತಿ ಖುಷಿಪಟ್ಟಿದ್ದು ಅಮ್ಮ. ಪೊಮ್ಮಕ್ಕ, ಪೊಮ್ಮಕ್ಕ (ಅಂದರೆ ಹೆಣ್ಣುಮಕ್ಕಳು) ಅಂತ ನಾಲ್ಕು ಸಲ ಹೇಳಿ ನೋಡಿಕೊಂಡರು.

ಪುಸ್ತಕ ಸಿಕ್ಕರೂ ಮುಗಿಯುವುದಿಲ್ಲ. ‘ತಕ್ಕ್’ ಅನ್ನುವ ಪದದ ಕೊನೆಯಲ್ಲಿ ಒಂದು ಸ್ವರ ಇದೆ, ಅದು ಉ ಅಲ್ಲ, ಇ ಅಲ್ಲ, ತುಟಿ ದುಂಡಗೆ ಮಾಡದೆ ಬಾಯಿಯ ನಡುವಿನಿಂದ ಬರುವ ಸದ್ದು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ, ಸುಮ್ನೆ ಕ್ ಅಂತ ನಿಲ್ಲಿಸುತ್ತೇವೆ. ಭಾಷೆಯ ಹೆಸರನ್ನೇ ಸರಿಯಾಗಿ ಬರೆಯಲು ಆಗದಿದ್ದರೆ ಹೊರಗೆ ಬೆಳೆದ ಮಕ್ಕಳು ಓದಿ ಕಲಿಯುವುದು ಹೇಗೆ? ಅವರಿಗೆ ದನಿ ಬೇಕು.

2001ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಅಂದವರು ಸುಮಾರು 1.66 ಲಕ್ಷ, 2011ರಲ್ಲಿ ಸುಮಾರು 1.14 ಲಕ್ಷ. ನಮ್ಮ ಮೈಸೂರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದಲ್ಲಿ ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಯೋಜನೆ ಇದೆ, ಆದರೆ ಅದು ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ. ಆ ಭಾಷೆಗಳಿಗೆ ಮೊದಲ ಆದ್ಯತೆ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿಯಲ್ಲೂ ಇಲ್ಲದ, ಆ ಯೋಜನೆಗೂ ಸೇರದ ಕೊಡವದಂಥ ಭಾಷೆಗಳು ಮಾತ್ರ ನಡುವೆ ಉಳಿದುಬಿಡುತ್ತವೆ.

ಕೊಡವ ಸಾಹಿತ್ಯ ಅಕಾಡೆಮಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಈ ಭಾಷೆಯ ವ್ಯಾಕರಣದ ಬಗ್ಗೆ ಇದುವರೆಗೆ ಏನೇನು ಬಂದಿದೆ, ಯಾವುದು ಎಲ್ಲಿ ಓದಲು ಸಿಗುತ್ತದೆ ಅನ್ನುವ ಒಂದು ಪಟ್ಟಿ ಕನ್ನಡದಲ್ಲಿ ಹಾಕಿ. ಕೋಲ್ ಅವರ ಪುಸ್ತಕದ ಹಕ್ಕು ಯಾವತ್ತೋ ಮುಗಿದಿದೆ, ಅದನ್ನು ಕನ್ನಡದಲ್ಲಿ ಟಿಪ್ಪಣಿ ಜೊತೆ ಯಾರು ಬೇಕಾದರೂ ಓದುವ ಹಾಗೆ ಮಾಡಿ. ಪ್ರತಿ ಪಾಠಕ್ಕೂ ಹಿರಿಯರ ದನಿ ಸೇರಿಸಿ. ಅಮ್ಮನಿಗೆ 78 ವರ್ಷ. ಯಾರಾದರೂ ರೆಕಾರ್ಡರ್ ಹಿಡಿದು ಬಂದರೆ ‘ತಕ್ಕ್’ ಅನ್ನೋದನ್ನು ನೂರು ಸಲ ಬೇಕಾದರೂ ಹೇಳಿಕೊಡುತ್ತೇನೆ ಅಂತಾರೆ.

— ಓದುಗಿ, ಮೈಸೂರು